ತಾಯಿ ಎದ್ದು ಬರದ ಬೊಂಬೆ ಸಿನಿಮಾ

ಮೊನ್ನೆ ಚಿಂತಾಮಣಿಯಲ್ಲಿರುವ ಮಗಳ ಮನೆಗೆ ಹೋದವಳು ಒಂದು ಜಗಳ ಮಾಡಿಕೊಂಡೆ. ವಿಷಯ ಕೇಳಿದರೆ ನೀವು ನಗುತ್ತೀರಿ. ಐದು ವರ್ಷದ ಮೊಮ್ಮಗನ ಜೊತೆ ಟಿ.ವಿ.ಯಲ್ಲಿ ಕಾರ್ಟೂನ್ ಸಿನಿಮಾ ನೋಡುತ್ತಿದ್ದೆ. ಅದರಲ್ಲಿ ಒಂದು ಮುದಿ ಆನೆ ಹೊಳೆಯ ದಂಡೆಯಲ್ಲಿ ಮಲಗಿತು, ಮತ್ತೆ ಏಳಲಿಲ್ಲ. ಮಗಳು ಅಡುಗೆಮನೆಯಿಂದ ಓಡಿಬಂದು ಟಿ.ವಿ.ಗೆ ಅಡ್ಡ ನಿಂತಳು.

"ಅಮ್ಮಾ, ಮಗೂಗೆ ಇಂಥವೆಲ್ಲ ತೋರಿಸ್ಬೇಡ. ನಗೋ ಅಂಥದ್ದು ಏನಾದ್ರೂ ಹಾಕು."

"ನೀನು ಪಕ್ಕಕ್ಕೆ ಬಾ ತಾಯಿ, ಸಿನಿಮಾ ಕಾಣ್ತಿಲ್ಲ," ಅಂದೆ. ಅವಳು ಬರಲಿಲ್ಲ.

ನನಗೆ ಕಾರ್ಟೂನ್ ಹುಚ್ಚು ಇರುವುದು ನಿಜ. ಅದೂ ಕುಣಿದು ಹಾಡುವಂಥವಲ್ಲ. ಕಾಡು ಸುಟ್ಟು ಬೂದಿಯಾಗುವ, ತೋಳ ನಿಜಕ್ಕೂ ತಿಂದೇಬಿಡುವ, ಕಳೆದುಹೋದವರು ಮನೆಗೆ ಮರಳದ ಸಿನಿಮಾಗಳು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ ಬೊಂಬೆ ನೋಡುವ ಅತ್ತೆಯನ್ನು ಕಂಡು ನನ್ನ ಅಳಿಯನಿಗೆ ನಗು. ನಗಲಿ ಬಿಡಿ. ಈ ಹುಚ್ಚು ಹಿಡಿಸಿದವರು ಸಾದಲಿಯ ನಮ್ಮ ದೊಡ್ಡಪ್ಪ. ಪಾಪ, ಅವರು ಬೇಕೆಂದು ಹಿಡಿಸಿದ್ದಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನನಗೆ ಎಂಟು ವರ್ಷವಿರಬೇಕು. ಅಮ್ಮನ ಕಾಯಿಲೆ ಜೋರಾಗಿ ಆಸ್ಪತ್ರೆ ಸೇರಿದಾಗ ಅಪ್ಪ ನನ್ನನ್ನು ಗೌರಿಬಿದನೂರಿನಿಂದ ಕರೆತಂದು ಸಾದಲಿಯಲ್ಲಿ ಬಿಟ್ಟುಹೋದರು. ದೊಡ್ಡಮ್ಮ ಅಂದರೆ ಅಮ್ಮನ ಸ್ವಂತ ಅಕ್ಕ. ಅವರದು ರೇಷ್ಮೆ ಸಾಕುವ ಮನೆ. ಹುಳ ಕೊನೆಯ ಜ್ವರದಿಂದ ಎದ್ದಿದ್ದವು. ರೇಷ್ಮೆಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯವರಿಗೆ ತಲೆ ಬಾಚಿಕೊಳ್ಳಲೂ ಪುರುಸೊತ್ತು ಇರುವುದಿಲ್ಲ.

ಆ ಹುಳದ ಮನೆಗೆ ದೇವರ ಮನೆಯಷ್ಟೇ ಮಡಿ. ಸೂತಕದವರು ಹೊಸ್ತಿಲು ಮೆಟ್ಟುವ ಹಾಗಿಲ್ಲ, ಮೆಟ್ಟಿದರೆ ಬೆಳೆ ಕೆಡುತ್ತದೆ ಎಂಬ ನಂಬಿಕೆ. ಆದರೆ ನಮ್ಮ ಜನ ಇದಕ್ಕೊಂದು ಉಪಾಯ ಇಟ್ಟುಕೊಂಡಿದ್ದರು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಬೀಳದಿದ್ದರೆ ಇಲ್ಲ. ಹಾಗಾಗಿ ಹುಳ ಗೂಡು ಕಟ್ಟುವವರೆಗೂ ಯಾರೂ ಹೇಳುವುದಿಲ್ಲ, ಯಾರೂ ಕೇಳುವುದಿಲ್ಲ.

ಒಂದು ಬೆಳಗ್ಗೆ ಯಾರೋ ಸೈಕಲ್ಲಿನಲ್ಲಿ ಬಂದು ದೊಡ್ಡಪ್ಪನನ್ನು ಬೇಲಿಯಾಚೆ ಕರೆದು ಮಾತಾಡಿಸಿದರು. ದೊಡ್ಡಪ್ಪ "ಸಂತೆಗೆ ಹೋಗ್ಬರ್ತೀನಿ" ಎಂದು ಹೊರಟರು. ಅವತ್ತು ಸಂತೆಯ ದಿನವೇ ಅಲ್ಲ. ಸಂಜೆ ಬಾವಿಯ ಹತ್ತಿರವೇ ತಲೆಗೆ ನೀರು ಸುರಿದುಕೊಂಡು ಬಂದವರು ಅಂದಿನಿಂದ ಹುಳದ ಮನೆಯ ಕಡೆ ತಲೆ ಹಾಕಲಿಲ್ಲ. ದೊಡ್ಡಮ್ಮ ಅವರ ಒದ್ದೆ ತಲೆ ನೋಡಿದರು. ಏನೂ ಕೇಳದೆ ಸೊಪ್ಪಿನ ಮಂಕರಿ ಎತ್ತಿಕೊಂಡು ಒಳಗೆ ಹೋದರು. ನಾನು ಮಾತ್ರ ಹೋದಲ್ಲಿ ಬಂದಲ್ಲಿ "ಅಮ್ಮ ಯಾವಾಗ ಬರ್ತಾಳೆ?" ಎಂದು ಕೇಳುತ್ತಿದ್ದೆ. "ಬರ್ತಾಳೆ ಕಣಮ್ಮ, ಹುಷಾರಾಗ್ತಾವ್ಳೆ," ಎನ್ನುತ್ತಿದ್ದರು ದೊಡ್ಡಪ್ಪ.

ನನ್ನ ಕಾಟ ತಡೆಯಲಾರದೆ ಅವರು ಶಿಡ್ಲಘಟ್ಟಕ್ಕೆ ಹೋಗಿ ಟಿ.ವಿ., ವಿ.ಸಿ.ಆರ್. ಎರಡನ್ನೂ ಬಾಡಿಗೆಗೆ ತಂದರು. ಜೊತೆಗೊಂದು ಕ್ಯಾಸೆಟ್ಟು. ಅಂಗಡಿಯ ಸಾಬರು "ಬೊಂಬೆ ಪಿಚ್ಚರ್ ಅಣ್ಣಾ, ಮಕ್ಕಳು ಬಿದ್ದು ಬಿದ್ದು ನಗ್ತಾರೆ" ಎಂದರಂತೆ. ಅವರೂ ನೋಡಿರಲಿಲ್ಲ. ಬೊಂಬೆ ಅಂದ ಮೇಲೆ ನಗಿಸದೆ ಇನ್ನೇನು ಮಾಡೀತು ಎಂದು ಇಬ್ಬರೂ ನಂಬಿದ್ದರು.

ಮಧ್ಯಾಹ್ನ ಸೊಪ್ಪು ಹಾಕಿದ ಮೇಲೆ ನಾವು ಮೂವರೂ ನಡುಮನೆಯಲ್ಲಿ ಕೂತೆವು. ಯಾವ ದೇಶದ ಸಿನಿಮಾವೋ, ಭಾಷೆ ತಿಳಿಯದು. ಚಿತ್ರ ಸಾಕಾಗಿತ್ತು. ಹೊಳೆ ಉಕ್ಕಿ ಬರುತ್ತದೆ. ತಾಯಿ ಮುಂಗುಸಿ ಮರಿಯನ್ನು ಒಂದು ದಿಮ್ಮಿಯ ಮೇಲೆ ತಳ್ಳಿ ತಾನು ಮುಳುಗುತ್ತದೆ. ನೀರು ಇಳಿದ ಮೇಲೆ ಮರಿ ದಡದಲ್ಲಿ ಕಾಯುತ್ತದೆ. ಒಂದು ಆಮೆ ಬಂದು ಅದನ್ನು ಕೆಸರಿನಲ್ಲಿ ಬಿದ್ದಿದ್ದ ತಾಯಿಯ ಹತ್ತಿರ ಕರೆದೊಯ್ಯುತ್ತದೆ. ಮರಿ ಮೂಸುತ್ತದೆ, ಮೂತಿಯಿಂದ ದಬ್ಬುತ್ತದೆ. ತಾಯಿ ಏಳುವುದಿಲ್ಲ. ಸಿನಿಮಾ ಮುಗಿದರೂ ಏಳಲಿಲ್ಲ.

ನಾನು ಎದ್ದು ನಿಂತು ಕೇಳಿದೆ: "ನಮ್ಮಮ್ಮನೂ ಸತ್ತೋಗವ್ಳೆ, ಅಲ್ವಾ ದೊಡ್ಡಮ್ಮ?"

"ಬಿಡ್ತು ಅನ್ನಮ್ಮ! ಅದು ಬರೀ ಬೊಂಬೆ," ದೊಡ್ಡಪ್ಪ ಗಾಬರಿಯಾದರು.

"ನೀವು ಸುಮ್ನಿರಿ," ಎಂದರು ದೊಡ್ಡಮ್ಮ. ನನ್ನನ್ನು ಎಳೆದು ಎದೆಗೆ ಒತ್ತಿಕೊಂಡರು. "ಹೂಂ ಕಣಮ್ಮ. ಸತ್ತೋದ್ಲು. ನನ್ ತಂಗಿ ಸತ್ತೋದ್ಲು." ಅಷ್ಟು ದಿನ ಕಟ್ಟಿಟ್ಟಿದ್ದ ಅಳುವೆಲ್ಲ ಒಟ್ಟಿಗೆ ಬಂತು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು.

"ಈಗ ಹುಳದ ಗತಿ ಏನೇ? ಮೂರು ದಿನ ನೀನು ಒಳಗೆ ಹೋಗಂಗಿಲ್ಲ," ಎಂದರು ದೊಡ್ಡಪ್ಪ.

ದೊಡ್ಡಮ್ಮ ತಾವೂ ಸ್ನಾನ ಮಾಡಿ, ನನಗೂ ಮಾಡಿಸಿ, ಕೈ ಹಿಡಿದು ಎಲ್ಲರ ಎದುರೇ ಹುಳದ ಮನೆಗೆ ನಡೆದರು. "ಅವಕ್ಕೂ ಹೊಟ್ಟೆ ಐತೆ. ಅಳ್ತಾನೇ ಹಾಕಣ ಬಾರಮ್ಮ," ಎಂದರು. ಇಬ್ಬರೂ ಅಳುತ್ತಲೇ ತಟ್ಟೆ ತಟ್ಟೆಗೆ ಸೊಪ್ಪು ಹರಡಿದೆವು. ಐದಾರು ದಿನದಿಂದ ಅಷ್ಟು ಹಗುರಾಗಿ ನಾನು ಉಸಿರಾಡಿರಲಿಲ್ಲ.

ಬೆಳೆ ಚೆನ್ನಾಗಿ ಬಂತು ಎಂದರೆ ನಿಮಗೆ ಸಮಾಧಾನವಾಗುತ್ತಿತ್ತು. ಬರಲಿಲ್ಲ. ಅರ್ಧಕ್ಕರ್ಧ ಹುಳ ಸತ್ತವು. ಸೂತಕದ ಕೈ ಎಂದು ಊರು ಆಡಿಕೊಂಡಿತು. "ಸೊಪ್ಪು ಮಳೇಲಿ ನೆನೆದಿತ್ತು, ಅದಕ್ಕೇ ಹೋದವು," ಎಂದು ದೊಡ್ಡಮ್ಮ ಬಾಯಿ ಮಾಡಿದರು. ಆಮೇಲೆ ಸೊಂಟಕ್ಕೆ ಕೈಯಿಟ್ಟು, "ಹೋದ್ರೆ ಹೋಗ್ಲಿ. ಹುಳ ಇನ್ನೊಂದ್ಸಲ ಮೇಯಿಸ್ತೀನಿ. ತಂಗಿಗೆ ಇನ್ಯಾವತ್ತು ಅಳ್ಲಿ?" ಎಂದರು.

ಅಮ್ಮನ ಮುಖವನ್ನು ಕೊನೆಯ ಸಲ ನೋಡಲು ನನ್ನನ್ನು ಬಿಡದ ದೊಡ್ಡವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರದು ಒಳ್ಳೆಯ ಮನಸ್ಸು ಎನ್ನುತ್ತಾರೆ. ಇರಬಹುದು. ಆದರೆ ನನಗೆ ನಿಜ ಹೇಳಿದ್ದು ಒಂದು ಬೊಂಬೆ, ಮತ್ತು ಅದನ್ನು ನೋಡಿದ ಮೇಲೆ ದೊಡ್ಡಮ್ಮ.

ಸಿನಿಮಾ ಅಲ್ಲಿಗೇ ನಿಲ್ಲಿಸಿ ಇಷ್ಟನ್ನೂ ಮಗಳಿಗೆ ಹೇಳಿದೆ. ಟಿ.ವಿ. ಮುಂದೆ ನಿಂತೇ ಕೇಳಿದಳು. ಕೇಳಿ ಮುಗಿಸಿ ಮೆಲ್ಲಗೆ ಪಕ್ಕಕ್ಕೆ ಸರಿದು ನನ್ನ ಹತ್ತಿರ ಕೂತಳು. ಮೊಮ್ಮಗ ಪರದೆಯನ್ನೇ ನೋಡುತ್ತಿದ್ದ.

"ಅಜ್ಜಿ, ಆನೆ ನಿದ್ದೆ ಮಾಡ್ತಿದೆಯಾ?"

"ಇಲ್ಲ ಕಣಪ್ಪ. ಸತ್ತೋಗಿದೆ."

ಅವನು ಅಮ್ಮನ ಮುಖ ನೋಡಿದ, ನನ್ನ ಮುಖ ನೋಡಿದ.

"ಹಂಗಾದ್ರೆ ಅಳ್ಬೋದಾ?"

"ಅಳ್ಬೋದು ಕಣಪ್ಪ," ಎಂದೆ. "ಜೋರಾಗೇ ಅಳ್ಬೋದು."