ಪಟ್ಟಿಯ ಕೊನೆಯ ಗಾಡಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಪಟ್ಟಿಯಮ್ಮ ಎಂದೂ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಇಪ್ಪತ್ತಾರು ವರ್ಷ ಅದೇ ಮೇಜು, ಅದೇ ಕಿಟಕಿ, ಅದೇ ಪಟ್ಟಿ ಎಂದು ಕಳೆದವಳಿಗೆ ಇದಕ್ಕಿಂತ ದೊಡ್ಡ ಬಿರುದನ್ನು ಯಾರು ಕೊಟ್ಟಾರು?

ವಿಮೆ ಮಾಡಿಸಿದ ಗಾಡಿಯವರಿಗೆ ವಿಮೆ ಕಂಪನಿ ಕೈಕೊಟ್ಟರೆ ಹೋಗಿ ದೂರು ಕೊಡುವ ಕಚೇರಿ ಅದು. ಸರ್ಕಾರ ಅದಕ್ಕೆ ಬೊಕ್ಕಸದಿಂದ ಚಿಕ್ಕಾಸೂ ಕೊಡುತ್ತಿರಲಿಲ್ಲ. ವಿಮೆಯಾದ ಪ್ರತಿಯೊಂದು ಗಾಡಿಯ ಮೇಲೂ ವರ್ಷಕ್ಕೆ ಎರಡು ಲೋಟ ಚಹಾದ ಬೆಲೆಯಷ್ಟು ರಕ್ಷಣಾ ಶುಲ್ಕವಿತ್ತು. ಕಂಪನಿಗಳು ಅದನ್ನು ಕಂತಿನ ಜೊತೆಯಲ್ಲೇ ಮಾಲೀಕರಿಂದ ವಸೂಲಿ ಮಾಡಿ, ಗಾಡಿಗಳ ಪಟ್ಟಿಯ ಸಮೇತ ಕಚೇರಿಗೆ ಕಟ್ಟಬೇಕು. ಕಟ್ಟಡದ ಬಾಡಿಗೆ, ತನಿಖೆಯವರ ಓಡಾಟ, ಪಟ್ಟಿಯಮ್ಮನ ಸಂಬಳ ಎಲ್ಲವೂ ಅದರಿಂದಲೇ. ಜನ್ಮದಲ್ಲಿ ಒಂದು ದೂರೂ ಕೊಡದ ಸಾವಿರಾರು ಜನರ ಚಹಾದ ದುಡ್ಡು ಸೇರಿ, ಎಲ್ಲೋ ಗೋಳಾಡುತ್ತಿರುವ ಒಬ್ಬನ ಬೆನ್ನಿಗೆ ನಿಲ್ಲುತ್ತಿತ್ತು. ಒಳ್ಳೆಯ ಏರ್ಪಾಡೇ. ಆದರೆ ಎಂಥ ಒಳ್ಳೆಯ ಏರ್ಪಾಡನ್ನೂ ಕಗ್ಗಂಟು ಮಾಡಿಡುವುದು ಕಚೇರಿಯವರಿಗೆ ಚೆನ್ನಾಗಿ ಗೊತ್ತು.

ಅಲ್ಲಿಯ ಪದ್ಧತಿ ಹೀಗಿತ್ತು. ದೂರು ಬಂದ ಕೂಡಲೇ ಗಾಡಿಯ ನಂಬರನ್ನು ಪಟ್ಟಿಯಲ್ಲಿ ಹುಡುಕಬೇಕು. ಇದ್ದರೆ ಶುಲ್ಕ ಬಂದಿದೆ, ದೂರಿಗೆ ಸೀಲು ಒತ್ತಬೇಕು. ಇಲ್ಲದಿದ್ದರೆ ಶುಲ್ಕ ಬಂದಿಲ್ಲ, ದೂರು ವಾಪಸ್. ಮಾಲೀಕ ಕಟ್ಟಿದ್ದನ್ನು ಕಂಪನಿಯವರೇ ನುಂಗಿ ನೀರು ಕುಡಿದಿರಬಹುದಲ್ಲ ಎಂದರೆ, ಇರಬಹುದು. ಅಂಥವರ ಪರವಾಗಿ ಪಟ್ಟಿ ನೋಡುವವರು ನಾಲ್ಕು ಸಾಲಿನ ಟಿಪ್ಪಣಿ ಬರೆದಿಟ್ಟರೆ ಸಾಹೇಬರು ಕಣ್ಣು ಮುಚ್ಚಿ ಸಹಿ ಹಾಕುತ್ತಿದ್ದರು. ಗುರುತು ಪರಿಚಯವಿಲ್ಲದ ಎಷ್ಟೋ ಜನರಿಗೆ ಪಟ್ಟಿಯಮ್ಮ ಆ ಟಿಪ್ಪಣಿ ಬರೆದುಕೊಟ್ಟಿದ್ದಳು. ಬರೆಯದೆ ಹೋದದ್ದು ಒಬ್ಬನಿಗೆ ಮಾತ್ರ, ಒಡಹುಟ್ಟಿದ ತಮ್ಮನಿಗೆ.

ಅವನಿಗಾಗ ಮೂವತ್ನಾಲ್ಕು. ಬಾಡಿಗೆಗೆ ಕಾರು ಓಡಿಸುತ್ತಿದ್ದ. ಮನೆಯಲ್ಲಿ ಅಮ್ಮ, ಅಕ್ಕ, ಅವನು, ಮೂವರೇ. ಲಾರಿಯೊಂದು ಉಜ್ಜಿಕೊಂಡು ಹೋಗಿ ಕಾರಿನ ಎಡಗಡೆ ಬಾಗಿಲು ಒಳಕ್ಕೆ ಕೂತುಬಿಟ್ಟಿತ್ತು. ಕಂಪನಿಯವರು ಇವತ್ತು ಬಾ, ನಾಳೆ ಬಾ ಎಂದು ನಾಲ್ಕು ತಿಂಗಳು ಅಲೆಸಿ ಕೊನೆಗೆ ಕೈ ಎತ್ತಿದರು. ಬಾಗಿಲಿಗೆ ಹಗ್ಗ ಕಟ್ಟಿದ ಕಾರನ್ನು ದುಡ್ಡು ಕೊಟ್ಟು ಹತ್ತುವವರು ಯಾರು? ಅವನು ದೂರು ಬರೆದುಕೊಂಡು ಅಕ್ಕನ ಕಚೇರಿಗೇ ಬಂದ. ಅಕ್ಕ ಎಂದು ಸಲಿಗೆ ತೋರಿಸದೆ ಎಲ್ಲರಂತೆ ಸರದಿಯಲ್ಲಿ ನಿಂತ. ಅವನ ಸರದಿ ಬಂದಾಗ ಪಟ್ಟಿಯಮ್ಮ ಪಟ್ಟಿ ತೆರೆದಳು. ನಂಬರ್ ಇರಲಿಲ್ಲ.

"ನಿನ್ನ ಗಾಡಿ ಇದರಲ್ಲಿಲ್ಲ ಕಣೋ."

"ಇಲ್ಲ ಅಂದ್ರೆ? ನಾನು ದುಡ್ಡು ಕಟ್ಟಿದೀನಲ್ಲಕ್ಕ, ರಸೀದಿ ಇದೆ ನೋಡು."

"ನೀನು ಕಟ್ಟಿದೀಯ, ಅವರು ಇಲ್ಲಿಗೆ ಕಟ್ಟಿಲ್ಲ. ಹೋಗಿ ಅವರ ಹತ್ರ ಸರಿ ಮಾಡಿಸ್ಕೊಂಡು ಬಾ."

"ಅವರ ಮೇಲೆ ದೂರು ಕೊಡೋಕೆ ಅವರದ್ದೇ ಕೈಕಾಲು ಹಿಡ್ಕೊಂಡು ಬರ್ಬೇಕಾ?"

ಹಿಂದೆ ನಿಂತವರು ನಕ್ಕರು. ಪಕ್ಕದ ಮೇಜಿನ ಟೈಪಿಸ್ಟ್ ಕೆಲಸ ನಿಲ್ಲಿಸಿ ಕಿವಿ ನಿಮಿರಿಸಿದ್ದಳು. ಟಿಪ್ಪಣಿ ಬರೆದರೆ, ತಮ್ಮ ಅಂತ ಬರೆದಳು ಎನ್ನುತ್ತಾರೆ. ಅದೊಂದೇ ಭಯ ಪಟ್ಟಿಯಮ್ಮನಿಗೆ. ಹಾಳು ಭಯ! ಅವಳು ಮುಖ ಎತ್ತದೆ ಕಾಗದವನ್ನು ಅವನತ್ತ ತಳ್ಳಿದಳು.

"ಹಾಗಾದ್ರೆ ನನ್ನ ಗಾಡಿ ಲೆಕ್ಕಕ್ಕೇ ಇಲ್ಲ ಅನ್ನು," ಎಂದ ಅವನು. ದೂರಿನ ಕಾಗದವನ್ನು ರಸೀದಿ ಸಮೇತ ಮೇಜಿನ ಮೇಲೆಯೇ ಬಿಟ್ಟು ಹೊರಟುಹೋದ. ಆ ಸಂಜೆ ಮನೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಪೊಲೀಸರು ಕೆರೆ, ಬಾವಿ, ಆಸ್ಪತ್ರೆ ಎಂದು ಮೂರು ತಿಂಗಳು ಹುಡುಕಿ, ಮನುಷ್ಯನೂ ಕಾರೂ ಪತ್ತೆಯಾಗಿಲ್ಲ ಎಂದು ಬರೆದು ಕೈತೊಳೆದುಕೊಂಡರು. ದೂರಿನ ಕಾಗದ, ರಸೀದಿ ಎರಡೂ ಪಟ್ಟಿಯಮ್ಮನ ಡ್ರಾಯರಿನಲ್ಲಿ ಉಳಿದವು.

ಮುಂದಿನ ವರ್ಷದ ಪಟ್ಟಿ ಬಂತು. ನಂಬರುಗಳೆಲ್ಲ ಕ್ರಮವಾಗಿ ಸಾಲುಗಟ್ಟಿದ್ದವು. ಕೊನೆಯ ಪುಟದ ಕೊನೆಯಲ್ಲಿ, ಕ್ರಮ ತಪ್ಪಿ, ಒಂದೇ ಒಂದು ನಂಬರ್ ಬೇರೆಯಾಗಿ ನಿಂತಿತ್ತು. ತಮ್ಮನ ಕಾರಿನದು.

ಪಟ್ಟಿಯಮ್ಮ ಗಾಡಿಗಳನ್ನು ಎಣಿಸಿ ಬಂದ ಹಣಕ್ಕೆ ತಾಳೆ ನೋಡಿದಳು. ಸರಿಯಾಗಿತ್ತು. ಆ ಒಂದು ಗಾಡಿಯನ್ನು ಬಿಟ್ಟು ಎಣಿಸಿದರೆ ಎರಡು ಲೋಟ ಚಹಾದ ದುಡ್ಡು ಹೆಚ್ಚಾಗಿ ಉಳಿಯುತ್ತಿತ್ತು. ಅಂದರೆ ಯಾರೋ ಕಟ್ಟಿದ್ದಾರೆ. ಅಂದರೆ ಬದುಕಿದ್ದಾನೆ! ಅವಳು ಕಂಪನಿಗೆ ಪತ್ರ ಬರೆದಳು. "ನಗದು ಬಂದಿದೆ, ಕಟ್ಟಿದವರ ವಿವರವಿಲ್ಲ" ಎಂದು ಉತ್ತರ ಬಂತು. ಗಾಡಿಯ ಮಾಲೀಕನ ವಿಳಾಸ ಕೇಳಿದರೆ ಅವಳ ಮನೆಯ ವಿಳಾಸವನ್ನೇ ಕಳಿಸಿದರು.

ಅದರ ಮುಂದಿನ ವರ್ಷವೂ ಬಂತು, ಅದರ ಮುಂದಿನ ವರ್ಷವೂ ಬಂತು. ಕಾಗದದ ಪಟ್ಟಿ ಹೋಗಿ ಕಂಪ್ಯೂಟರ್ ಬಂದರೂ ಆ ನಂಬರ್ ಕೊನೆಯ ಸಾಲು ಬಿಟ್ಟು ಕದಲಲಿಲ್ಲ. ಕಂಪ್ಯೂಟರಿನವನು ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿದ, ಕೆಳಗಿನಿಂದ ಮೇಲಕ್ಕೆ ಜೋಡಿಸಿದ. ಹೇಗೆ ಜೋಡಿಸಿದರೂ ಅದು ಎಲ್ಲರ ಹಿಂದೆ ಹೋಗಿ ನಿಲ್ಲುತ್ತಿತ್ತು.

"ಮೇಡಂ, ಇದು ಯಾಕೋ ಹಠ ಮಾಡ್ತಿದೆ," ಎಂದು ಅವನು ತಲೆ ಕೆರೆದುಕೊಂಡ.

ಹನ್ನೊಂದನೆಯ ವರ್ಷ, ಶುಲ್ಕವನ್ನು ಯಾವ ಕೌಂಟರಿನಲ್ಲಿ ಕಟ್ಟಲಾಯಿತು ಎಂಬುದನ್ನೂ ಪಟ್ಟಿಯಲ್ಲಿ ಕಾಣಿಸಬೇಕೆಂಬ ಹೊಸ ನಿಯಮ ಬಂತು. ಆ ವರ್ಷದ ಪಟ್ಟಿ ಕೈಗೆ ಬಂದ ದಿನವೇ ಪಟ್ಟಿಯಮ್ಮ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದಳು. ಊರಿನ ಕೊನೆಯಲ್ಲಿ, ಹಳೆ ಟೈರಿನ ಅಂಗಡಿಯ ಪಕ್ಕ, ಒಂದು ಬಾಗಿಲಿನ ಕೋಣೆಯೇ ಕಂಪನಿಯ ಆ ಕೌಂಟರ್. ಒಳಗೆ ಗಾಜಿನ ಹಿಂದೆ ಒಬ್ಬನೇ ಗುಮಾಸ್ತ. ನಡುಮಧ್ಯಾಹ್ನವಾದರೂ ದೀಪ ಉರಿಯುತ್ತಿತ್ತು. ಅವಳು ನಂಬರ್ ಹೇಳಿದಳು.

"ಓ, ಆ ಹಗ್ಗದ ಬಾಗಿಲಿನ ಕಾರಾ? ಗೊತ್ತು ಮೇಡಂ. ವರ್ಷಾ ವರ್ಷಾ ಅವರೇ ಬಂದು ಕಟ್ತಾರೆ."

ಅವಳು ಗಾಜನ್ನು ಹಿಡಿದುಕೊಂಡಳು. "ಹೇಗಿದಾನಪ್ಪ? ಕೂದಲು ನೆರೆತಿದೆಯಾ? ಸೊರಗಿದಾನಾ?"

"ಕೂದಲು ನೆರೆಯೋದಾ? ಮೂವತ್ಮೂರು ಮೂವತ್ನಾಲ್ಕು ಇರ್ಬೇಕು ಅಷ್ಟೇ. ನಾನು ಈ ಕೆಲಸಕ್ಕೆ ಸೇರಿದಾಗ ನನಗಿಂತ ದೊಡ್ಡವರು, ಅಣ್ಣ ಅಂತಿದ್ದೆ. ಈಗ ನಾನೇ ಅವರಿಗೆ ಅಣ್ಣನ ಥರ ಕಾಣ್ತೀನಿ ನೋಡಿ." ಗುಮಾಸ್ತ ನಕ್ಕ. ನಗುತ್ತ ನಗುತ್ತ ಅವನ ಮುಖ ಬಿಳುಚಿಕೊಂಡಿತು. ತಾನು ಹೇಳಿದ್ದು ಏನೆಂದು ಅವನಿಗೂ ಆಗಲೇ ಹೊಳೆದಿರಬೇಕು.

"ಏನಾದ್ರೂ ಮಾತಾಡ್ತಾನಾ?" ಎಂದಳು ಪಟ್ಟಿಯಮ್ಮ.

"ಒಂದೇ ಮಾತು ಮೇಡಂ," ಅವನ ದನಿ ಇಳಿದಿತ್ತು. "'ರಸೀದೀಲಿ ಆ ರಕ್ಷಣಾ ಶುಲ್ಕದ ಸಾಲು ಸರಿಯಾಗಿ ಬಂತಾ ನೋಡಿ. ನಿನ್ನೆ ಅದಿಲ್ಲ ಅಂತ ನಮ್ಮಕ್ಕ ವಾಪಸ್ ಕಳಿಸಿಬಿಟ್ಲು' ಅಂತಾರೆ. ಪ್ರತಿ ಸಲಾನೂ ನಿನ್ನೆ ಅಂತಾನೇ ಅಂತಾರೆ."

ಮನೆಗೆ ಬಂದು ಅವಳು ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮನಿಗೆ ಎಂಬತ್ತು ದಾಟಿತ್ತು, ಕಿಟಕಿಯ ಪಕ್ಕದ ಮಂಚವೇ ಅವಳ ಲೋಕ. ಕೇಳಿ ಅವಳು ಬೆಚ್ಚಲಿಲ್ಲ. ವರ್ಷವರ್ಷವೂ ನಂಬರ್ ಬಂದ ದಿನ ಮಗಳ ಮುಖ ನೋಡಿಯೇ ಅವಳು ನೆಮ್ಮದಿಯಾಗಿ ಉಣ್ಣುತ್ತಿದ್ದಳು.

"ಅವನ ದೂರು ತಗೋಬೇಕಮ್ಮ. ಅವನ ಪರವಾಗಿ ತಾಯಿ ಅಂತ ನಿನ್ನ ಸಹಿ ಬೇಕು," ಎಂದಳು ಪಟ್ಟಿಯಮ್ಮ.

"ಬೇಡ ಕಣೇ. ವರ್ಷಕ್ಕೊಂದ್ಸಲ ಆದ್ರೂ ಬರ್ತಿದಾನೆ. ದೂರು ತಗೊಂಡ್ರೆ ಹೋಗ್ಬಿಡ್ತಾನೆ."

"ಹನ್ನೊಂದು ವರ್ಷದಿಂದ ಸರದೀಲಿ ನಿಂತಿದಾನಮ್ಮ ಅವನು. ಕಾಲು ನೋಯಲ್ವಾ ಅವನಿಗೆ? ಯಾರಿಗ್ಗೊತ್ತು, ಮನೆಗೇ ಬಂದ್ರೂ ಬರಬಹುದು."

ಒಂಬತ್ತು ದಿನ ಅಮ್ಮ ಪೆನ್ನು ಮುಟ್ಟಲಿಲ್ಲ. ಪಟ್ಟಿಯಮ್ಮ ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಹತ್ತನೆಯ ದಿನ ಅಮ್ಮ, "ನಿನ್ನ ಮುಖ ನೋಡಕ್ಕಾಗಲ್ಲ ನನಗೆ, ತಾ ಇಲ್ಲಿ," ಎಂದು ಸಹಿ ಹಾಕಿದಳು.

ಆ ಹಳೆಯ ಕಾಗದಕ್ಕೆ ಪಟ್ಟಿಯಮ್ಮ ಸೀಲು ಒತ್ತಿದಳು. ಕೆಳಗೆ ಟಿಪ್ಪಣಿ ಬರೆದಳು: "ದೂರುದಾರ ನನ್ನ ತಮ್ಮ. ಅಂದು ಬರೆಯಬೇಕಾಗಿದ್ದ ಟಿಪ್ಪಣಿಯನ್ನು ಜನರ ಮಾತಿಗೆ ಹೆದರಿ ಬರೆಯದೆ ತಪ್ಪು ಮಾಡಿದ್ದೇನೆ." ಟೈಪಿಸ್ಟ್ ಅದನ್ನು ಓದಿದಳು, ಇಡೀ ಕಚೇರಿ ಓದಿತು. ಓದಿಕೊಳ್ಳಲಿ ಎಂದುಕೊಂಡಳು ಅವಳು.

ವಿಚಾರಣೆಯ ದಿನ ಕಂಪನಿಯ ಅಧಿಕಾರಿ ಬಂದ. ಎದುರಿಗೆ ಸಾಹೇಬರು, ಪಕ್ಕದಲ್ಲಿ ಪಟ್ಟಿಯಮ್ಮ. ದೂರುದಾರನ ಕುರ್ಚಿ ಖಾಲಿ. ಕಂಪನಿ ಶುಲ್ಕವನ್ನು ವಸೂಲಿ ಮಾಡಿಯೂ ಕಟ್ಟಿರಲಿಲ್ಲ ಎನ್ನುವುದಕ್ಕೆ ಹಳೆಯ ರಸೀದಿಯೇ ಸಾಕಾಯಿತು. ಬಾಗಿಲಿನ ದುಡ್ಡನ್ನು ಕಾರಣವಿಲ್ಲದೆ ತಡೆದದ್ದನ್ನೂ ಅಧಿಕಾರಿ ಒಪ್ಪಿಕೊಂಡ. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ಬಾಗಿಲು ರಿಪೇರಿಯ ಖರ್ಚನ್ನು ಬಡ್ಡಿ ಸಮೇತ ತಾಯಿಗೆ ಕೊಡಬೇಕೆಂದು ಆದೇಶವಾಯಿತು. ಕಾಲು ಗಂಟೆ! ಅದಕ್ಕಾಗಿ ಹನ್ನೊಂದು ವರ್ಷ.

ಎಲ್ಲರೂ ಎದ್ದ ಮೇಲೆ ಪಟ್ಟಿಯಮ್ಮ ಹಾಜರಿ ಪುಸ್ತಕವನ್ನು ಮುಚ್ಚಲು ಹೋದಳು. ದೂರುದಾರನ ಜಾಗದಲ್ಲಿ ಸಹಿ ಇತ್ತು. ಕೊನೆಯ ಅಕ್ಷರವನ್ನು ಉದ್ದಕ್ಕೆ ಎಳೆದು ಕೆಳಗೆ ಎರಡು ಚುಕ್ಕೆ ಇಡುವ ತಮ್ಮನ ಸಹಿ. ಬೆರಳಿಟ್ಟಳು. ಮಸಿ ಇನ್ನೂ ಹಸಿಯಾಗಿತ್ತು. ಯಾರು ಬಂದಿದ್ದರು ಎಂದು ಕೇಳಿದರೆ ಅಧಿಕಾರಿ ಯಾರನ್ನೂ ನೋಡಿರಲಿಲ್ಲ. ಸಾಹೇಬರು ಕನ್ನಡಕ ತೆಗೆದು ಸಹಿಯನ್ನು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು, ಒಳಗೆ ಹೋದರು.

ಆ ಸಂಜೆ ಅವಳು ಓಡೋಡಿ ಮನೆಗೆ ಬಂದಳು. ಬಾಗಿಲು ತೆರೆದಿಟ್ಟು ಕೂತಳು. ಬೀದಿಯಲ್ಲಿ ಯಾವ ಕಾರು ನಿಧಾನಿಸಿದರೂ ಏಳುತ್ತಿದ್ದಳು. ಅವನು ಬರಲಿಲ್ಲ. ಅಮ್ಮ ಮಂಚದಿಂದ ಎಲ್ಲವನ್ನೂ ನೋಡುತ್ತಿದ್ದಳು.

ಮುಂದಿನ ವರ್ಷದ ಪಟ್ಟಿ ಬಂದಾಗ ಪಟ್ಟಿಯಮ್ಮ ಮೊದಲು ನೋಡಿದ್ದು ಕೊನೆಯ ಸಾಲನ್ನು. ಅಲ್ಲಿ ಇನ್ಯಾರದೋ ಗಾಡಿ ಇತ್ತು, ತನ್ನ ಕ್ರಮದಲ್ಲೇ ಇತ್ತು. ಮೊದಲಿನಿಂದ ಕೊನೆಯವರೆಗೆ ಮೂರು ಸಲ ಹುಡುಕಿದಳು. ಹಣ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗಿತ್ತು.

"ಈಗ ದಾರಿಗೆ ಬಂತು ನೋಡಿ ಮೇಡಂ, ಹಠ ಬಿಟ್ಟುಬಿಡ್ತು," ಎಂದು ಕಂಪ್ಯೂಟರಿನವನು ಖುಷಿಪಟ್ಟ. ಪಟ್ಟಿಯಮ್ಮ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಮನಸಾರೆ ಅತ್ತಳು. ಆಮೇಲೆ ಆ ಕೌಂಟರಿನ ಗುಮಾಸ್ತನಿಗೆ ಫೋನ್ ಮಾಡಿದಳು. "ಬರಲಿಲ್ಲ ಮೇಡಂ. ನಾನೂ ಆ ದಿನ ಊಟಕ್ಕೆ ಹೋಗದೆ ಕಾದೆ," ಎಂದ ಅವನು.

ಅಮ್ಮನಿಗೆ ಸುಳ್ಳು ಹೇಳಬಹುದಿತ್ತು. ದಾರಿಯುದ್ದಕ್ಕೂ ಸುಳ್ಳನ್ನು ಜೋಡಿಸಿಕೊಂಡೇ ಬಂದಿದ್ದಳು. ಅಮ್ಮನ ಎದುರು ನಿಂತಾಗ ಅದು ಬಾಯಿಗೆ ಬರಲಿಲ್ಲ.

"ಈ ಸಲ ಇಲ್ಲಮ್ಮ."

ಅಮ್ಮ ಕಿಟಕಿಯ ಕಡೆಗೆ ತಿರುಗಿದಳು.

"ಅವನ ದೂರು ತೀರಿಸಿದೆ, ಒಳ್ಳೇದಾಯ್ತು. ಅವನ ಕಾಲಿಗೂ ವಿಶ್ರಾಂತಿ ಸಿಕ್ತು," ಎಂದಳು. "ನನಗೆ ವರ್ಷಕ್ಕೊಂದು ದಿನ ಮಗ ಇದ್ದ. ಈಗ ಅದೂ ಇಲ್ಲ. ಈ ದೂರು ನಾನು ಎಲ್ಲಿ ಕೊಡ್ಲಿ, ನೀನೇ ಹೇಳು."

ಯಾವ ದೂರಿಗೆ ಯಾವ ಮೇಜು ಎಂದು ದಿನಕ್ಕೆ ಐವತ್ತು ಜನರಿಗೆ ಹೇಳುವ ಹೆಂಗಸು ಪಟ್ಟಿಯಮ್ಮ. ಬಂದು ಮಂಚದ ತುದಿಯಲ್ಲಿ ಕುಳಿತಳು. ಅಮ್ಮ ಕಾಲು ಮಡಚಿಕೊಂಡು ಅವಳಿಗೆ ಜಾಗ ಮಾಡಿಕೊಟ್ಟಳು.