ಹೊಟ್ಟೆಗೊಬ್ಬ, ಹೆಸರಿಗೊಬ್ಬ, ಗದೆಗೊಬ್ಬ

ಮಗಳ ಬಾಣಂತನಕ್ಕೆಂದು ಮೊನ್ನೆ ಬೆಳಿಗ್ಗೆ ಬಾದಾಮಿ ರುಬ್ಬುತ್ತಿದ್ದೆ. ನೆನೆಸಿ ಸಿಪ್ಪೆ ಸುಲಿದ ಬಾದಾಮಿ, ಸ್ವಲ್ಪ ಗಸಗಸೆ, ಚಿಟಿಕೆ ಸೋಂಪು, ಮೇಲೆ ನಾಲ್ಕು ಕಾಳು ಮೆಣಸು. ಮಿಕ್ಸಿಯ ಮುಚ್ಚಳ ತೆಗೆದದ್ದೇ ತಡ, ಅಡುಗೆಮನೆಯೆಲ್ಲ ಆ ವಾಸನೆ… ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಒಳಗಿನಿಂದ ಮಗಳು, "ಏನಮ್ಮ, ಮಿಕ್ಸಿ ಕೆಟ್ಟೋಯ್ತಾ?" ಅಂದಳು.

ಮಿಕ್ಸಿ ಕೆಟ್ಟಿರಲಿಲ್ಲ. ನಾನು ಅರಸೀಕೆರೆಯ ನಮ್ಮ ಹಳೆಯ ವಠಾರದ ಹಿತ್ತಿಲಿಗೆ ಹೋಗಿಬಿಟ್ಟಿದ್ದೆ. ಅಲ್ಲಿ ಪಕ್ಕದ ಮನೆಯ ಅಕ್ಕ ಒರಳಿನ ಮುಂದೆ ಕಾಲು ಚಾಚಿ ಕೂತು, ಗುಂಡು ತಿರುಗಿಸುತ್ತ ಇದೇ ಬಾದಾಮಿ ರುಬ್ಬುತ್ತಿದ್ದರು.

ನಾನು ಮದುವೆಯಾಗಿ ಆ ವಠಾರಕ್ಕೆ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ನಮ್ಮವರಿಗೆ ರೈಲ್ವೆಯಲ್ಲಿ ಕೆಲಸ. ಅತ್ತೆಯವರು ಮಾತಿನಲ್ಲಿ ಸ್ವಲ್ಪ ಖಾರ. ಪಕ್ಕದ ಮನೆಯ ಅಕ್ಕ ಹಗರೆ ಕಡೆಯವರು, ಅವರ ಗಂಡ ಪೈಲ್ವಾನರು. ಹಗಲು ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವುದು, ಬೆಳಿಗ್ಗೆ ಸಂಜೆ ಗರಡಿ. ಅಕ್ಕನ ಗಂಡನಾದ್ದರಿಂದ ನಾನು ಅವರನ್ನು ಭಾವ ಅನ್ನುತ್ತಿದ್ದೆ. ಅಷ್ಟು ದೊಡ್ಡ ಆಳು ವಠಾರದ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಾಗ ಮಕ್ಕಳು ಬದಿಗೆ ಸರಿಯುತ್ತಿದ್ದವು. ಅಕ್ಕ ಮಾತ್ರ, "ಚಪ್ಲಿ ಮೂಲೆಗೆ ಬಿಡಿ, ಎಷ್ಟು ಸಲ ಹೇಳ್ಲಿ" ಎಂದು ಗದರುತ್ತಿದ್ದರು. ಅವರು ಚಪ್ಪಲಿಯನ್ನು ಮೂಲೆಗೆ ಬಿಡುತ್ತಿದ್ದರು.

ಭಾವ ಕುಸ್ತಿ ಮುಗಿಸಿ ಬಂದ ದಿನ, ಗೆದ್ದರೋ ಸೋತರೋ ಎಂದು ಅಕ್ಕ ಕೇಳುತ್ತಿರಲಿಲ್ಲ. ಗಲ್ಲ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಕುತ್ತಿಗೆಯ ಹಿಂಭಾಗ ಮುಟ್ಟಿ ನೋಡಿ, "ನೆಟ್ಟಗೈತೆ" ಅನ್ನುವರು. ಆಮೇಲೆಯೇ ನೀರು ಕಾಯಿಸಲು ಏಳುತ್ತಿದ್ದದ್ದು.

ಗರಡಿಯ ಉಸ್ತಾದರು ಆಗಾಗ ಬಂದು ಜಗಲಿಯ ಮೇಲೆ ಕೂರುತ್ತಿದ್ದರು. ಕಿವಿ ಎರಡೂ ಸುಟ್ಟ ಹಪ್ಪಳದ ಹಾಗೆ ಮುದುರಿದ್ದವು. ಯಾವ ಪೈಲ್ವಾನ ಯಾರ ಜೊತೆ ಆಡಬೇಕು ಎಂದು ತೀರ್ಮಾನಿಸುವವರು ಅವರೇ. ಅದಕ್ಕೆ ಜೋಡಿ ಕಟ್ಟುವುದು ಅನ್ನುತ್ತಿದ್ದರು. ಕುಸ್ತಿಗೆ ಒಂದು ವಾರ ಮೊದಲು ಇಬ್ಬರನ್ನೂ ಗರಡಿಯ ಮಣ್ಣಿನ ಮೇಲೆ ಅಂಗಿ ಬಿಚ್ಚಿಸಿ ನಿಲ್ಲಿಸಿ, ಆಳು ನೋಡಿ, ಮೈಕಟ್ಟು ನೋಡಿ, ಬಲಗೈಗೆ ಬಲಗೈ ಕೂಡಿಸುತ್ತಿದ್ದರು. ಕೈ ಕೂಡಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ.

ಕುಸ್ತಿ ಅಂದರೆ ಇಬ್ಬರು ಹಿಡಿದುಕೊಂಡು ಹೊರಳುವುದು ಎಂದಷ್ಟೇ ತಿಳಿದಿದ್ದ ನನಗೆ ಒಂದು ದಿನ ಉಸ್ತಾದರೇ ಬಿಡಿಸಿ ಹೇಳಿದರು.

"ಜೋಡಿ ಹುಡುಕೋದು ಹೆಣ್ಣು ಹುಡುಕ್ದಂಗೆ ಕಣಮ್ಮ. ಮೊದ್ಲು ಹೊಟ್ಟೆಗೊಬ್ಬ ಬೇಕು. ಅವನನ್ನ ಕೆಡವಿದ್ರೆ ಇನಾಮು ಬತ್ತದೆ, ಮೈ ನೋಯಲ್ಲ. ಆಮೇಲೆ ಹೆಸರಿಗೊಬ್ಬ. ಅಂಥೋನ ಪಕ್ಕ ಪೋಸ್ಟರ್‌ನಾಗೆ ನಮ್ಮ ಹೆಸರು ಬಿದ್ರೆ ಸಾಕು, ನಾಲ್ಕು ಊರಿಗೆ ಗೊತ್ತಾಯ್ತದೆ. ಇವೆರಡೂ ಆದ್ರೆ ಕೊನೆಗೆ ಗದೆಗೊಬ್ಬ. ಗದೆ ಹೆಗಲಿಗೇರಿದ್ರೆ ಆಮೇಲೆ ನಾವು ಯಾರನ್ನೂ ಹುಡುಕಂಗಿಲ್ಲ, ಅವರೇ ಹುಡುಕ್ಕೊಂಡು ಬತ್ತಾರೆ."

ಒಳಗಿನಿಂದ ಅಕ್ಕ, "ಮನೆಗೊಬ್ಬ ಬೇಡ್ವಾ ಉಸ್ತಾದ್ರೇ? ಆಟ ಮುಗಿದ್ಮೇಲೆ ನಡ್ಕೊಂಡು ಮನೆಗೆ ಬರೋಕೆ ಬಿಡೋನು?" ಅಂದರು.

"ಮನೇಲಿ ನೀನಿದ್ದೀಯಲ್ಲವ್ವ, ದಿನಾ ಅವನನ್ನ ಚಿತ್ ಮಾಡೋಕೆ!"

ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಅದಕ್ಕೆ ಕಾರಣ ಬಿಕ್ಕೋಡಿನಲ್ಲಿತ್ತು. ಗದೆ ಬೇಕೆಂದವರು ಅದನ್ನು ಆಗ ಇಟ್ಟುಕೊಂಡಿದ್ದವನನ್ನೇ ಕೆಡವಬೇಕು, ಅವನೋ ಕುತ್ತಿಗೆ ಹಿಡಿದು ತಿರುಚುವ ಪಟ್ಟಿನಿಂದ ಹೆಸರಾದವನು. ಹಿಂದಿನ ವರ್ಷ ಅವನ ಜೊತೆ ಆಡಿದ ಬಿಕ್ಕೋಡಿನ ಪೈಲ್ವಾನನೊಬ್ಬ ನೆಲದಿಂದ ಮೇಲೆ ಏಳಲೇ ಇಲ್ಲ. ಜೀವವೇನೋ ಉಳಿಯಿತು, ಕತ್ತಿನಿಂದ ಕೆಳಗೆ ಏನೂ ಉಳಿಯಲಿಲ್ಲ. ಭಾವ ಮತ್ತು ಅಕ್ಕ ಬೇಲೂರಿಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಎಸ್ಟೇಟಿನ ಜೀಪು ಹತ್ತಿ, ಅವನನ್ನು ನೋಡಿಕೊಂಡು ಬಂದಿದ್ದರು. "ಮಂಚದ ಮೇಲೆ ಮಲಗವ್ನೆ ಕಣೇ. ಹೆಂಡ್ತಿ ಚಮಚದಲ್ಲಿ ಗಂಜಿ ಕುಡಿಸ್ತಾಳೆ. ಬಾಯಿ ಒರೆಸ್ತಾಳೆ. ಅವನು ಸೂರು ನೋಡ್ತಾನೆ…" ಇಷ್ಟು ಹೇಳಿ ಅಕ್ಕ ಒರಳು ಗುಂಡನ್ನು ಜೋರಾಗಿ ತಿರುಗಿಸತೊಡಗಿದ್ದರು.

ಆ ಬೇಸಿಗೆಯಲ್ಲಿ ಹಳೇಬೀಡಿನಲ್ಲಿ ದೊಡ್ಡ ಕುಸ್ತಿ ಎಂದು ಗೊತ್ತಾಯಿತು. ಮೈಸೂರಿನ ಒಬ್ಬ ಹೆಸರಾಂತ ಪೈಲ್ವಾನ, ತಾನಾಗಿಯೇ ಹೇಳಿಕಳಿಸಿ, ಭಾವನ ಜೊತೆ ಜೋಡಿ ಕೇಳಿದ್ದ. ಉಸ್ತಾದರು ಕುಣಿದಾಡಿಬಿಟ್ಟರು. ಇವನನ್ನು ಕೆಡವಿದರೆ ದಸರೆಯ ಹೊತ್ತಿಗೆ ಗದೆಯ ಕುಸ್ತಿ ಖಂಡಿತ ಎಂದು ಕುಸ್ತಿ ಸಂಘದ ಮೇಲಿನವರು ಮಾತು ಕೊಟ್ಟಿದ್ದರಂತೆ. ಭಾವನಿಗೆ ಆಗಲೇ ಮೂವತ್ತನಾಲ್ಕೋ ಮೂವತ್ತೈದೋ. ಇನ್ನು ಅಂಥ ಅವಕಾಶ ಬರುವುದಿಲ್ಲ.

"ಈ ಸಲನಾದ್ರೂ ಕರುಣೆ ಗಿರುಣೆ ಮನೇಲಿಟ್ಟು ಬಾರ್ಲಾ," ಉಸ್ತಾದರು ಭಾವನಿಗೆ ಹೇಳುತ್ತಿದ್ದದ್ದು ಗೋಡೆಯಾಚೆಗೂ ಕೇಳುತ್ತಿತ್ತು. "ಬೇಲೂರಲ್ಲಿ ಏನ್ ಮಾಡ್ದೆ? ಅವನ ಮಂಡಿ ತಿರುಗೈತೆ ಅಂತ ಹಿಡಿದ ಕಾಲು ಬಿಟ್ಟೆ. ನೀನು ಪೈಲ್ವಾನನಾ, ಆಸ್ಪತ್ರೆ ಕಾಂಪೌಂಡರಾ?"

ಜೋಡಿ ಕಟ್ಟುವ ದಿನ ಮೈಸೂರಿನ ಪೈಲ್ವಾನ ರೈಲಿನಲ್ಲಿ ಬಂದಿಳಿದ. ಹೊರಗಿನಿಂದ ಬಂದವನಿಗೆ ಊಟ ಹಾಕುವುದು ಊರಿನ ಗರಡಿಯ ಹೊಣೆ. ಉಸ್ತಾದರ ಹೆಂಡತಿ ತೀರಿಕೊಂಡಿದ್ದರಿಂದ ಆ ಊಟ ಯಾವಾಗಲೂ ಅಕ್ಕನ ಮನೆಯಲ್ಲೇ. ಆದರೆ ಆಡುವವರಿಬ್ಬರು ಎದುರುಬದುರು ಕೂತು ಉಣ್ಣಬಾರದು ಎಂದು ಭಾವ ಗರಡಿಯಲ್ಲೇ ಉಳಿದರು. ಬಡಿಸಲು ಅಕ್ಕನ ಜೊತೆ ನಾನೂ ನಿಂತೆ. ಗಂಡನನ್ನು ಕೆಡವಲು ಬಂದವನಿಗೆ ಅಕ್ಕ ಮುದ್ದೆಯ ಮೇಲೆ ತುಪ್ಪ ಹಾಕಿದ್ದನ್ನು ನೋಡಿ ನನಗೆ ಒಂಥರಾ ಆಯಿತು. ಆತ ತಲೆ ತಗ್ಗಿಸಿಕೊಂಡು ಉಂಡ. ಒಳ್ಳೆಯ ಮುಖ. ಕೈ ತೊಳೆದು, ಹೆಗಲಿಗೆ ಟವೆಲು ಹಾಕಿಕೊಂಡು, "ಬತ್ತೀನಿ ಅಕ್ಕ, ಊಟ ಚೆನ್ನಾಗಿತ್ತು" ಎಂದು ಹೊರಟ.

ಅವನು ಬಾಗಿಲು ದಾಟಿದ ಕೂಡಲೇ ಅಕ್ಕ ನನ್ನ ಕೈ ಹಿಡಿದು ಒಳಕ್ಕೆ ಎಳೆದುಕೊಂಡರು.

"ನೋಡಿದ್ಯಾ? ಕೈ ಬಾಯಿಗೆ ಹೋಗ್ಲಿಲ್ಲ. ಬಾಯೇ ತಟ್ಟೆ ಹತ್ರ ಬಂತು."

ನಾನು ನೋಡಿರಲಿಲ್ಲ. ಬಲ ಮೊಣಕೈ ಪಕ್ಕೆ ಬಿಟ್ಟು ಮೇಲೆ ಏಳಲೇ ಇಲ್ಲವಂತೆ. ಬಲ ಹೆಗಲಿನ ಟವೆಲನ್ನೂ ಎಡಗೈಯಲ್ಲೇ ಎತ್ತಿ ಹಾಕಿಕೊಂಡನಂತೆ. ಇಷ್ಟು ವರ್ಷ ಗಂಡನ ಉಳುಕು, ಬಾವುಗಳಿಗೆಲ್ಲ ಎಣ್ಣೆ ಕಾಯಿಸಿ ತಿಕ್ಕಿದ ಅಕ್ಕನಿಗೆ ಅಷ್ಟು ಸಾಕಾಗಿತ್ತು. ಅವನ ಬಲಭುಜ ಜಾರಿ ಕೂತದ್ದು. ಆ ಕೈ ಹಿಡಿದು ತಿರುಚಿದರೆ ಕುಸ್ತಿ ಅಲ್ಲಿಗೇ ಮುಗಿಯಿತು.

"ಭಾವನಿಗೆ ಹೇಳ್ಬಿಡಿ ಅಕ್ಕ, ಗೆಲ್ತಾರೆ" ಅಂದೆ.

"ಗೆದ್ರೆ?"

ಅಕ್ಕ ನನ್ನ ಕೈ ಬಿಟ್ಟು, ಆತ ಉಂಡ ತಟ್ಟೆ ಎತ್ತಿಕೊಂಡರು.

"ಗೆದ್ರೆ ಗದೆ. ಗದೆ ಅಂದ್ರೆ ಆ ಬಿಕ್ಕೋಡಿನ ಮಂಚ. ಹೇಳ್ದೆ ಇದ್ದು ಇವರು ಸೋತ್ರೆ? ಇವರು ಸೋತು ಕೂತ್ರೆ ನೋಡಕ್ಕಾಗಲ್ಲ ಕಣೇ, ಮಾತೇ ಆಡಲ್ಲ. ಗೆಲ್ಲೂಬಾರ್ದು, ಸೋಲೂಬಾರ್ದು. ಅಂಥದ್ದೊಂದು ಐತಾ ಲೋಕದಾಗೆ?"

ಆ ವಾರವೆಲ್ಲ ಅಕ್ಕ ಭಾವನ ಹಾಲಿಗೆ ಬಾದಾಮಿ ರುಬ್ಬಿದರು, ಬಾಯಿ ಬಿಡಲಿಲ್ಲ. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಕುಸ್ತಿಯ ದಿನ ಬೆಳಿಗ್ಗೆ, ಭಾವ ಹಳೇಬೀಡಿಗೆ ಹೋಗುವ ಲಾರಿ ಹತ್ತುವ ಹೊತ್ತಿಗೆ, ತಡೆಯಲಾರದೆ ಬಾಗಿಲಲ್ಲೇ ಹೇಳಿಬಿಟ್ಟರು. ಹೇಳದೆ ಕಳಿಸಿ ಏನಾದರೂ ಆದರೆ ತಾನೇ ಕೊಂದ ಹಾಗೆ ಎನಿಸಿತಂತೆ.

"ಅವನ ಬಲಗೈ ಸರಿಯಿಲ್ಲ."

ಭಾವ ಚಪ್ಪಲಿ ಮೆಟ್ಟುತ್ತ, "ಗೊತ್ತು ಕಣೇ. ಕೈ ಕೂಡಿಸ್ದಾಗ್ಲೇ ಗೊತ್ತಾಯ್ತು" ಎಂದರು. ಹೋಗಿ ಲಾರಿ ಹತ್ತಿದರು.

ಗೊತ್ತಿದ್ದು ಏನು ಮಾಡುತ್ತಾರೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಮನೆಯಲ್ಲಿ ಕೂರಲಾಗದೆ ಅಕ್ಕ ನನ್ನನ್ನು ಎಬ್ಬಿಸಿಕೊಂಡು ಹೊರಟರು. ಆಗ ಹೆಂಗಸರು ಕುಸ್ತಿ ನೋಡಲು ಹೋಗುತ್ತಿರಲಿಲ್ಲ. ಹಳೇಬೀಡಿನ ದೇವಸ್ಥಾನ ನೋಡಿ ಬರುತ್ತೇವೆ ಎಂದೆವು. "ಕುಸ್ತಿ ದಿನಾನೇ ದೇವರು ನೆನಪಾದ್ನಾ ಇಬ್ರಿಗೂ?" ಎಂದು ಅತ್ತೆ ಕೇಳಿದರು. ಆದರೂ ಚಿತ್ರಾನ್ನದ ಬುತ್ತಿ ಕಟ್ಟಿಕೊಟ್ಟರು.

ಬಸ್ಸು ಹಾರನಹಳ್ಳಿ ದಾಟಿ ಹಳೇಬೀಡು ಮುಟ್ಟಿತು. ದೇವಸ್ಥಾನದಲ್ಲಿ ಅಕ್ಕ ಬುತ್ತಿ ಬಿಚ್ಚಲಿಲ್ಲ. ಕುಸ್ತಿಯ ಬಯಲು ಕೆರೆಯ ಏರಿಯ ಆಚೆ. ಕಾಣುತ್ತಿರಲಿಲ್ಲ, ಸದ್ದು ಮಾತ್ರ ಗಾಳಿಯ ಜೊತೆ ಬರುತ್ತಿತ್ತು. ಗೋಡೆಯ ಕೆತ್ತನೆಯಲ್ಲಿ ಒಂದು ಕಡೆ ಗೇಣುದ್ದದ ಇಬ್ಬರು ಜಟ್ಟಿಗಳು ಒಬ್ಬರನ್ನೊಬ್ಬರು ಬಿಗಿದುಕೊಂಡು ನಿಂತಿದ್ದರು. ಅಕ್ಕ ಅದನ್ನು ಬಹಳ ಹೊತ್ತು ನೋಡಿದರು.

"ಇವರನ್ನ ನೋಡು. ಯಾವ ಕಾಲದಿಂದ ಹಿಡ್ಕೊಂಡವ್ರೆ, ಇಬ್ರಲ್ಲಿ ಒಬ್ರೂ ಬಿದ್ದಿಲ್ಲ."

ಸದ್ದು ಓದುವುದನ್ನು ಅಕ್ಕ ನನಗೆ ಹೇಳಿಕೊಟ್ಟರು. ನಮ್ಮ ಕಡೆಯವನು ಗೆದ್ದರೆ ತಮಟೆಯ ಜೊತೆ ಶಿಳ್ಳೆ. ಸೋತರೆ ತಮಟೆ ಒಂದೇ, ಜನದ ಸದ್ದಿಲ್ಲ. ಮಧ್ಯಾಹ್ನದಿಂದ ಶಿಳ್ಳೆ ಬಂತು, ಬರಿಯ ತಮಟೆ ಬಂತು, ಮತ್ತೆ ಶಿಳ್ಳೆ ಬಂತು. ಬಿಸಿಲು ಇಳಿಯತೊಡಗಿದಾಗ ಕೊನೆಯ ಜೋಡಿಯ ಹೆಸರು ಕೂಗಿದ್ದು ಮೈಕಿನಲ್ಲಿ ಕೇಳಿತು. ಆಮೇಲೆ ಏನೂ ಇಲ್ಲ. ಒಮ್ಮೆ 'ಹೋ' ಎಂದಿತು, ನಿಂತಿತು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಬೆರಳು ಬಿಳಿಚಿಕೊಂಡಿತ್ತು. ಎಷ್ಟು ಹೊತ್ತೋ…

ಆಮೇಲೆ ಗಾಳಿಯಲ್ಲಿ ಬೇರೆಯೇ ಒಂದು ಸದ್ದು ತೇಲಿ ಬಂತು. ಶಿಳ್ಳೆಯಲ್ಲ, ಮೌನವೂ ಅಲ್ಲ.

"ಏಯ್, ತಬ್ಕೊಂಡು ಮಲಗ್ತೀರೇನ್ರಲಾ?"

"ಕುಸ್ತಿ ಆಡ್ರಲಾ! ನೆಂಟಸ್ತನ ಆಮೇಲೆ ಮಾಡೀರಂತೆ!"

ಜನ ಬೈಯುತ್ತಿದ್ದರು. ಒಬ್ಬರಲ್ಲ, ಬಯಲಿಗೆ ಬಯಲೇ ಬೈಯುತ್ತಿತ್ತು. ಅಕ್ಕ ಎದ್ದು ನಿಂತರು. "ಬೈತಾವ್ರೆ ಕಣೇ!" ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. "ಇಬ್ರಿಗೂ ಸೇರ್ಸಿ ಬೈತಾವ್ರೆ! ಸಮ ಆಯ್ತು!"

ಗಂಡನಿಗೆ ಬಿದ್ದ ಬೈಗುಳ ಕೇಳಿ ಅಷ್ಟು ಹಿಗ್ಗಿದ ಹೆಂಗಸನ್ನು ನಾನು ಮತ್ತೆ ನೋಡಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಿ, ಚಿತ್ರಾನ್ನವನ್ನೆಲ್ಲ ತಾವೇ ತಿಂದುಬಿಟ್ಟರು. ಡಬ್ಬಿಯ ತಳ ಕಂಡಾಗಲೇ ನನ್ನ ನೆನಪಾದದ್ದು. "ಅಯ್ಯೋ, ನಿಂಗೆ ಉಳಿಸ್ಲೇ ಇಲ್ವಲ್ಲೇ" ಎಂದು ನಗುತ್ತಾ ಕಣ್ಣು ಒರೆಸಿಕೊಂಡರು.

ಸಮವಾದ ಜೋಡಿ ಒಂದೇ ಮನೆಯಲ್ಲಿ ಉಣ್ಣಬೇಕು ಎಂಬುದು ಆ ಗರಡಿಯ ಪದ್ಧತಿ. ಆ ರಾತ್ರಿ ಇಬ್ಬರೂ ಮೈತುಂಬ ಕೆಮ್ಮಣ್ಣಿನ ಬಣ್ಣ ಹೊತ್ತು ಅಕ್ಕನ ಮನೆಗೆ ಬಂದರು. ಅಕ್ಕ ಎಂದಿನಂತೆ ಭಾವನ ಗಲ್ಲ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಏನನ್ನಿಸಿತೋ, ಬಿಸಿ ಎಣ್ಣೆಯ ಬಟ್ಟಲು ತಂದು ಮೈಸೂರಿನವನ ಮುಂದಿಟ್ಟು, "ಭುಜಕ್ಕೆ ಹಚ್ಕೊಳಪ್ಪ" ಅಂದರು.

ಆತ ತಬ್ಬಿಬ್ಬಾದ. ಎಡಗೈಯಲ್ಲಿ ಬಟ್ಟಲನ್ನು ಹತ್ತಿರ ಎಳೆದುಕೊಂಡು ಮೆಲ್ಲನೆ ಹೇಳಿದ.

"ಕಂಡಿದ್ರಾ ಅಕ್ಕ? ಭುಜ ಜಾರಿ ವರ್ಷ ಆಯ್ತು. ಮನೇಲಿ ಕೂತ್ರೆ ಹೆಸರು ಹೋಯ್ತದೆ, ಸಿಕ್ಕಿದೋರ ಜೊತೆ ಆಡಿದ್ರೆ ಕೈಯೇ ಹೋಯ್ತದೆ. ನೊಂದ ಜಾಗ ಮುಟ್ಟದಿರೋನು ಯಾರು ಅಂತ ವಿಚಾರಿಸ್ದೆ. ಬೇಲೂರಿನ ವಿಷಯ ಹೇಳಿದ್ರು. ಅದಕ್ಕೇ ಅಣ್ಣನೇ ಬೇಕು ಅಂತ ಹೇಳ್ಕಳಿಸಿ ಜೋಡಿ ಕಟ್ಟಿಸ್ಕೊಂಡೆ."

ಭಾವ ಮುದ್ದೆ ಮುರಿಯುತ್ತ, "ಆ ಕೈ ಒಂದು ಬಿಟ್ಟು ಮಿಕ್ಕಿದ್ದರಲ್ಲೆಲ್ಲ ಇವನು ನನಗಿಂತ ಗಟ್ಟಿ. ಸಮ ಮಾಡೋದ್ರಲ್ಲೇ ಉಸಿರು ಹೋಯ್ತು" ಎಂದರು.

ಉಸ್ತಾದರು ಹೆಸರಿಗೊಬ್ಬ ಸಿಕ್ಕ ಎಂದುಕೊಂಡಿದ್ದರು. ಆ ಹೆಸರಿನವನು ನಮ್ಮ ಭಾವನಲ್ಲಿ, ಅಕ್ಕ ಕೇಳಿದ್ದರಲ್ಲ, ಆ ಮನೆಗೊಬ್ಬನನ್ನು ಹುಡುಕಿಕೊಂಡು ಬಂದಿದ್ದ.

ಉಸ್ತಾದರು ಅವತ್ತು ಊಟಕ್ಕೆ ಬರಲಿಲ್ಲ. ಆಮೇಲೂ ಬಹಳ ದಿನ ಜಗಲಿ ಹತ್ತಲಿಲ್ಲ. ಇಬ್ಬರದೂ ಒಳ ಒಪ್ಪಂದ ಎಂದು ಊರಲ್ಲಿ ಮಾತಾಯಿತು. ಗದೆಯ ಕುಸ್ತಿ ಬೇರೆ ಯಾರಿಗೋ ಹೋಯಿತು. ದಸರೆಯ ಹೊತ್ತಿಗೆ ಭಾವ ಕೆಲವು ದಿನ ಗೋಡೆ ನೋಡಿಕೊಂಡು ಕೂತದ್ದುಂಟು. ಅಕ್ಕ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು, ಸಮಾಧಾನ ಹೇಳಲು ಹೋಗುತ್ತಿರಲಿಲ್ಲ. ಆಮೇಲೆ ಭಾವ ಮತ್ತೆ ಮಂಡಿಗೆ ಹೋದರು, ಗರಡಿಗೂ ಹೋದರು, ಚಪ್ಪಲಿಯನ್ನು ಮೂಲೆಗೆ ಬಿಟ್ಟರು.

ನಮಗೆ ವರ್ಗವಾಯಿತು. ಕಾಗದ, ಮದುವೆ ಮುಂಜಿಗಳಲ್ಲಿ ಭೇಟಿ, ಆಮೇಲೆ ಫೋನು… ಹೋದ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು ಎಂದು ತಿಳಿದು ಅರಸೀಕೆರೆಗೆ ಓಡಿದೆ. ವಠಾರ ಅರ್ಧ ಕೆಡವಿದ್ದರು. ಅಕ್ಕನ ಮನೆಯ ಬಾಗಿಲಲ್ಲೇ ಮೂಗಿಗೆ ಬಾದಾಮಿ, ಸೋಂಪಿನ ವಾಸನೆ ಬಡಿಯಿತು. ಹಿತ್ತಿಲಲ್ಲಿ ಅದೇ ಒರಳು. ರುಬ್ಬುತ್ತಿದ್ದವರು ಭಾವ. ತಲೆ ಪೂರ್ತಿ ಬೆಳ್ಳಗಾಗಿತ್ತು. ರುಬ್ಬಿದ್ದನ್ನು ಹಾಲಿಗೆ ಬೆರೆಸಿ ತಂದು, ಅಕ್ಕನನ್ನು ಒಂದೇ ತೋಳಿನಲ್ಲಿ ಹೂವಿನ ಹಾಗೆ ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದರು. ಚಮಚದಲ್ಲಿ ಕುಡಿಸಿದರು. ಬಾಯಿ ಒರೆಸಿದರು.

ಅಕ್ಕನಿಗೆ ಮಾತು ತೊದಲುತ್ತಿತ್ತು. ಬಗ್ಗಿ ಲೋಟ ಕೆಳಗಿಡುತ್ತಿದ್ದ ಭಾವನ ಕುತ್ತಿಗೆಯ ಕಡೆ ಕಣ್ಣಿನಲ್ಲೇ ತೋರಿಸಿ, ನನಗೆ ಮಾತ್ರ ಕೇಳುವ ಹಾಗೆ, "ನೆಟ್ಟ…ಗೈತೆ" ಅಂದರು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಅಕ್ಕ ಹೋದರು.

ಮೊನ್ನೆ ಹಾಲು ಕುಡಿದ ಮಗಳು, "ಅಮ್ಮ, ಮೆಣಸು ಜಾಸ್ತಿ ಆಯ್ತು" ಎಂದು ಮುಖ ಸಿಂಡರಿಸಿದಳು. ಅಕ್ಕನ ಕೈಯ ಹಾಲೂ ಹಾಗೇ ಇರುತ್ತಿತ್ತು, ಗಂಟಲಿಗೆ ಚುರುಕ್ ಎನ್ನುವ ಹಾಗೆ. ನಾನು ಲೋಟ ತೆಗೆದುಕೊಂಡು ಬಂದು, ತಳದಲ್ಲಿ ಉಳಿದಿದ್ದನ್ನು ಅಡುಗೆಮನೆಯಲ್ಲಿ ನಿಂತು ಕುಡಿದೆ.