ಪದ ಮುಗೀಲಿ ಎಂದ ಟೈಲರ್ ಅಕ್ಕ

ಇದನ್ನು ಬರೆಯಲು ಕುಳಿತದ್ದು ನವೆಂಬರ್ ಹದಿನಾರು, ಭಾನುವಾರ, ಬೆಳಿಗ್ಗೆ ಆರೂ ಮುಕ್ಕಾಲಿಗೆ.

ಟೈಲರ್ ಅಕ್ಕನ ಬಲಗಾಲಿನ ಹೆಬ್ಬೆರಳು ಎಡಗಾಲಿನದಕ್ಕಿಂತ ಅಗಲವಾಗಿತ್ತು. ಹೊಲಿಗೆ ಮೆಷಿನ್ನಿನ ಪೆಡಲ್ ತುಳಿದೂ ತುಳಿದೂ ಚಪ್ಪಟೆಯಾದ ಆ ಬೆರಳು ತಾಳವನ್ನೂ ಹಾಕುತ್ತಿತ್ತು. ಫೋನಿನಲ್ಲಿ ನಾಟಕದ ಹಾಡು ಓಡುತ್ತಿರುವಾಗ ಅಕ್ಕನಿಗೆ ಇಷ್ಟವಾದ ಜಾಗ ಬಂತೆಂದರೆ ಪೆಡಲ್ ನಿಂತುಬಿಡುತ್ತಿತ್ತು, ಬೆರಳೊಂದೇ ಆಡುತ್ತಿತ್ತು. ಗಿರಾಕಿಗಳು ಕಾಯಬೇಕು.

"ಅಕ್ಕಾ, ಕೊಕ್ಕೆ ಆಕಾಯ್ತಾ?"

"ತಡಿಯವ್ವ, ಆರ್ಮೋನಿ ಮೇಷ್ಟ್ರು ಈಗ ಮೇಲ್ ಸ್ವರುಕ್ಕೆ ಓಯ್ತಾವ್ರೆ. ಕೊಕ್ಕೆ ಎಲ್ಗೂ ಓಡೋಗಕಿಲ್ಲ."

ಅಂಗಡಿ ಇದ್ದದ್ದು ಮದ್ದೂರಿನಲ್ಲಿ, ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ. ಅವಳು ನನಗೆ ನೆಂಟರ ಪೈಕಿಯಲ್ಲ. ಊರೆಲ್ಲ ಟೈಲರ್ ಅಕ್ಕ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ರೈತರು, ಅಂಗಡಿಯವರು, ಆಫೀಸಿನ ಗುಮಾಸ್ತರು ಕೈಯಿಂದ ದುಡ್ಡು ಹಾಕಿ ಪಾತ್ರ ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಿಂಗಳುಗಟ್ಟಲೆ ಹಾಡು ಕಲಿತು ಒಂದು ದಿನ ಕಿರೀಟ ಇಟ್ಟುಕೊಂಡು ರಂಗಕ್ಕೆ ಬರುತ್ತಾರೆ. ಹಾಡು ಮುಗಿದ ಕೂಡಲೇ ಅವರವರ ನೆಂಟರು "ಒನ್ಸ್ ಮೋರ್" ಎಂದು ಕೂಗುತ್ತಾರೆ, ಅವರು ಇನ್ನೊಮ್ಮೆ ಹಾಡುತ್ತಾರೆ. ಹೆಣ್ಣು ಪಾತ್ರಗಳಿಗೆ ಮಾತ್ರ ಹೊರಗಿನಿಂದ ಸಂಬಳ ಕೊಟ್ಟು ಕಲಾವಿದೆಯರನ್ನು ಕರೆಸುತ್ತಾರೆ. ಅವರು ಒಬ್ಬೊಬ್ಬರೇ ಬಸ್ಸಿಳಿದು ಬರುವವರು. ಅವರಿಗೆ ಕೂಗುವ ನೆಂಟರು ಇರುವುದಿಲ್ಲ. ತಮ್ಮವರಿಗೆ ತಮ್ಮವರು ಕೂಗುವುದು, ಅದೇ ರೂಢಿ.

ಅಕ್ಕ ಈ ನಾಟಕಗಳಿಗೆ ಒಬ್ಬಳೇ ಹೋಗುತ್ತಿದ್ದಳು. ಕಥೆ ನೋಡಲು ಅಲ್ಲ, ಹಾಡಿಗೆ. ಅವಳ ಬಾಯಲ್ಲಿ ಹಾಡೆಂದರೆ ಪದ. ರಂಗದ ಎದುರಿಗೆ ಕೂರುತ್ತಿರಲಿಲ್ಲ. ಹಾರ್ಮೋನಿಯಂ ಇರುವ ಮಗ್ಗುಲಲ್ಲಿ ಗೋಡೆಗೆ ಒರಗಿ ಕೂತು, ಫ್ಯಾನಿನ ಗಾಳಿ ತಾಗದಂತೆ ದಪ್ಪ ಬಟ್ಟೆಯಲ್ಲಿ ತಾನೇ ಹೊಲಿದ ಚೀಲದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡುತ್ತಿದ್ದಳು. ಎಷ್ಟು ಚೆನ್ನಾಗಿ ಹಾಡಿದರೂ ಚಪ್ಪಾಳೆ ತಟ್ಟುತ್ತಿರಲಿಲ್ಲ. "ತಟ್ಟುದ್ರೆ ನನ್ ಕೈ ಸದ್ದೇ ತುಂಬ್ಕತದೆ. ನನ್ ಕೈ ಸದ್ದ ಮನೇಲಿ ಕೂತ್ಕಂಡು ಕೇಳಾಕಾದದಾ?"

ನಾನು ರವಿಕೆ ಹೊಲಿಸಲು ಹೋದ ದಿನ ಅವಳ ಫೋನ್ ತುಂಬಿ ನಿಂತುಬಿಟ್ಟಿತ್ತು. "ಓದಿದ್ದೀಯಲ್ಲ, ಇದ್ಕೇನಾರ ಮಾಡವ್ವ. ಒಂದೂ ಅಳುಸ್ಬ್ಯಾಡ" ಎಂದಳು. ನಾನು ಹಾಡುಗಳನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿ ಅವಳಿಗೆ ಕೊಟ್ಟೆ. ದಿನಾ ಬಸ್ಸು ಬಂದ ಹೊತ್ತನ್ನೂ ಡೈರಿಯಲ್ಲಿ ಬರೆದಿಡುವ ಜಾತಿ ನನ್ನದು. ಹಾಡುಗಳನ್ನು ಬರಿದೇ ಇಳಿಸಿ ಸುಮ್ಮನಿರಲು ಆಗಲಿಲ್ಲ. ತಾರೀಖು, ಊರು, ಮೇಷ್ಟ್ರು, ಹಾಡಿದವರು ಎಂದು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಮಾಡಿದೆ. ಅಕ್ಕ ನೋಡಿ ನಕ್ಕಳು. "ಪದುಕ್ಕೂ ಜಾತ್ಕ ಬರೀತಿಯೇನವ್ವ? ಕೂಡಾವಳಿ ಆದದಾ ನೋಡು."

ಇಷ್ಟೆಲ್ಲ ಕೂಡಿಟ್ಟುಕೊಳ್ಳುವುದು ಯಾಕೆ, ಎಲ್ಲಾ ನೆಟ್‌ನಲ್ಲೇ ಸಿಗುತ್ತದಲ್ಲ ಎಂದೆ.

"ಸಿಕ್ತದೆ. ಗಂಡುಸ್ರು ಪದ ಸಿಕ್ತದೆ. ಎಂಗುಸ್ರುದ ಉಡುಕು, ನೋಡಾನ."

ಹುಡುಕಿದೆ. ಅವಳು ಹೇಳಿದ್ದೇ ಸರಿ. ನಾಟಕ ಚಿತ್ರಿಸುವ ವೀಡಿಯೊದವರಿಗೆ ದುಡ್ಡು ಕೊಡುವವರು ಪಾತ್ರ ಕಟ್ಟಿದ ಗಂಡಸರು. ಅವರ ಒಂದೊಂದು ಹಾಡೂ ಬೇರೆ ಬೇರೆಯಾಗಿ, ಫೋಟೊ ಹೆಸರಿನ ಸಮೇತ ನೆಟ್‌ನಲ್ಲಿತ್ತು. ಕಲಾವಿದೆಯರ ಹಾಡು ಒಂದೋ ಇರಲೇ ಇಲ್ಲ, ಇಲ್ಲವೇ ಪಲ್ಲವಿ ಆದ ಕೂಡಲೇ ಕತ್ತರಿ ಬಿದ್ದಿತ್ತು. ಅಂದಿನಿಂದ ನಾನೂ ಅಕ್ಕನ ಜೊತೆ ನಾಟಕಕ್ಕೆ ಹೊರಟೆ.

ಹೋದ ವರ್ಷ ಮಂಡ್ಯದಲ್ಲಿ ಒಂದು ಹಗಲು ನಾಟಕ. ಮುಖ್ಯ ಕಲಾವಿದೆ ಬಾರದೆ, ಅವಳ ಬದಲಿಗೆ ಯಾರೋ ಒಬ್ಬಾಕೆಯನ್ನು ಬೆಳಿಗ್ಗೆ ಕರೆಸಿದ್ದರು. ಕರಪತ್ರದಲ್ಲಿ ಇದ್ದದ್ದು ಬಾರದವಳ ಹೆಸರು. ಗಂಡಸರಿಗೆಲ್ಲ ಒನ್ಸ್ ಮೋರ್ ಮೇಲೆ ಒನ್ಸ್ ಮೋರ್ ಆಗಿ ಹೊತ್ತು ಮೀರಿತ್ತು. ಗಂಡನನ್ನು ಯುದ್ಧಕ್ಕೆ ಕಳಿಸುವ ರಾಣಿಯಾಗಿ ಆಕೆ ಬಂದು ಪಲ್ಲವಿ ಎತ್ತಿಕೊಂಡಳು. ಅಲ್ಲಿವರೆಗೆ ಗಲಗಲ ಎನ್ನುತ್ತಿದ್ದ ಸಭೆ ತಣ್ಣಗಾಯಿತು. ಪಲ್ಲವಿ ಮುಗಿಯುತ್ತಲೂ ಪಕ್ಕದಿಂದ ಯಾರೋ ಕೈ ತೋರಿದರು, ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು. ಚರಣಕ್ಕೆಂದು ಉಸಿರು ತೆಗೆದುಕೊಂಡಿದ್ದ ಆಕೆ ಹಾಗೇ ನಿಂತಳು.

ಅಕ್ಕ ಎದ್ದು ನಿಂತು ಕೂಗಿದಳು. "ಒನ್ಸ್ ಮೋರ್!"

ಹೆಂಗಸರ ಕಡೆಯಿಂದ ಆ ಕೂಗನ್ನು ನಾನು ಮೊದಲು ಕೇಳಿದ್ದು ಅವತ್ತೇ. ಸಭೆಯೆಲ್ಲ ಇತ್ತ ತಿರುಗಿತು.

"ಏ, ಕೂತ್ಕಳಮ್ಮೋ! ಪದವೇ ಮುಗ್ದಿಲ್ಲ, ಒನ್ಸ್ ಮೋರ್ ಅಂತೆ!" ಎಂದು ಗಂಡಸೊಬ್ಬ ನಕ್ಕ.

"ಮುಗುಸ್ನಿ ಮತ್ತೆ! ಮುಗುಸಾಕೆ ಬುಟ್ರೆ ತಾನೆ ಮುಗಿಯಾದು!"

"ನಿಂಗೇನಾಗ್ಬೇಕು ಅವ್ಳು?"

"ಏನೂ ಆಗ್ಬೇಕಿಲ್ಲ. ಪದ ಸಂದಾಗದೆ."

ಒಳಗಿನಿಂದ ರಾಜನ ಪಾತ್ರದವನ ದನಿ ಬಂತು. "ಸಾಕು ಮಾಡ್ರಲಾ, ಪರದೆ ಬುಡ್ರಲಾ! ಮುಂದ್ಲುದು ನನ್ ಸೀನು!" ಅಷ್ಟರಲ್ಲಿ ಹಿಂದಿನ ಸಾಲಿನಿಂದ ಇನ್ನಿಬ್ಬರು ಹೆಂಗಸರು ಒನ್ಸ್ ಮೋರ್ ಎಂದರು. ಮೇಷ್ಟ್ರು ಒಳಗೆ ನೋಡಿದರು, ಹೊರಗೆ ನೋಡಿದರು, ತಲೆ ಬಗ್ಗಿಸಿ ಹಾರ್ಮೋನಿಯಂ ಒತ್ತಿದರು. ಆಕೆ ಚರಣ ಹಾಡಿದಳು. ಅದರ ಕೊನೆಯ ಸಾಲಿನಲ್ಲಿ ದನಿ ಏರಿ ನಿಂತಿತು. ಅಕ್ಕ ಅವತ್ತೊಂದು ದಿನ ಚಪ್ಪಾಳೆ ತಟ್ಟಿದಳು, ರೆಕಾರ್ಡಿನಲ್ಲಿ ಆ ಸದ್ದು ಇದೆ.

ನಾಟಕ ಬಿಟ್ಟ ಮೇಲೆ ಆಕೆಯನ್ನು ಹುಡುಕಿಕೊಂಡು ಹೋದೆವು. ಬಣ್ಣವನ್ನೂ ಪೂರ್ತಿ ಒರೆಸದೆ ಬ್ಯಾಗು ಹಿಡಿದು ಓಡುತ್ತಿದ್ದಳು. "ನಿನ್ ಪದ ಪೋನಲ್ಲಿ ಇಡ್ದಿವ್ನಿ ಕಣವ್ವ, ಕೇಳ್ಕಂಡು ಓಗು" ಎಂದು ಅಕ್ಕ ಕೂಗಿದಳು. "ಬಸ್ಸು ಓಯ್ತದೆ ಕಣಕ್ಕ, ಬ್ಲಫಿಗೋಗ್ಬೇಕು, ಇನ್ನೊಂದ್ ದಪ ಕೇಳ್ತಿನಿ" ಎಂದು ಕೈ ಬೀಸಿದಳು. ಬ್ಲಫ್ ಎಂದರೆ ಮಳವಳ್ಳಿಯಾಚೆ ಕರೆಂಟು ಸ್ಟೇಷನ್ ಇರುವ ಊರು. ಹೆಸರು ಕೇಳುವಷ್ಟರಲ್ಲಿ ಮಳವಳ್ಳಿ ಬಸ್ಸು ಹತ್ತಿಯಾಗಿತ್ತು.

ವೀಡಿಯೊದವರು ಎಂದಿನಂತೆ ಆ ಹಾಡನ್ನು ಪಲ್ಲವಿಗೆ ಕತ್ತರಿಸಿದ್ದರು. ಪೂರ್ತಿ ಇದ್ದದ್ದು ಅಕ್ಕನ ಹತ್ತಿರ ಒಂದೇ. ಅವಳ ಮಾತಿನಂತೆ ನಾನು ಅದನ್ನು ನೆಟ್‌ಗೆ ಹಾಕಿದೆ. ವಾರದೊಳಗೆ ರಾಜನ ಪಾತ್ರದವನು ಅಂಗಡಿಗೆ ಬಂದ. ಮದ್ದೂರಿನಲ್ಲೇ ಗೊಬ್ಬರದ ಅಂಗಡಿ ಇಟ್ಟವನು. ಅವನ ಮನೆಯ ಮದುವೆಯ ರವಿಕೆಗಳೆಲ್ಲ ಆಗ ಅಕ್ಕನ ಕೈಯಲ್ಲಿದ್ದವು.

"ಟೈಲರಮ್ಮ, ಅದ್ನ ತೆಗುದ್ಬುಡು. ಪರದೆ ಬುಡ್ರಲಾ ಅಂತ ನಾನು ಬಡ್ಕಳಾದು ಅದ್ರಲ್ಲಿ ಕೇಳ್ತದೆ. ಊರೋರು ಅಂಗ್ಡಿಗ್ ಬಂದು, ಗೊಬ್ರ ಬುಡ್ರಲಾ ಅಂತಾವ್ರೆ."

"ನಿನ್ ದನಿನೇ ಅಲ್ವಾ? ನಿನ್ ಪದುಕ್ಕಿಂತ ಅದೇ ಸುರುತೀಲದೆ ಕಣಪ್ಪ."

"ನಗಾಡ್ಬ್ಯಾಡ. ತೆಗಿತಿಯೋ, ಬಟ್ಟೆ ವಾಪಸ್ ಕೊಡ್ತಿಯೋ?"

ಅಕ್ಕ ಎದ್ದು, ಕತ್ತರಿಸದ ಬಟ್ಟೆಗಳನ್ನೆಲ್ಲ ಮಡಿಸಿ ಗಂಟು ಕಟ್ಟಿ ಅವನ ಸ್ಕೂಟರಿನ ಮೇಲೆ ಇಟ್ಟು ಬಂದಳು. ಆ ಮನೆಯ ನೆಂಟರಿಷ್ಟರ ಹೊಲಿಗೆಯೂ ಆಮೇಲೆ ಬರಲಿಲ್ಲ. ಅವಳ ಕಸುಬಿಗೆ ಬಿದ್ದ ಪೆಟ್ಟು ಸಣ್ಣದಾಗಿರಲಿಲ್ಲ.

ಸ್ವಲ್ಪ ದಿನಕ್ಕೆ ಗೊಬ್ಬರದಂಗಡಿಯವನ ಹೆಂಡತಿ ಬಂದಳು, ಬರಿಗೈಯಲ್ಲಿ. "ಬಟ್ಟೆ ತರಾಕಾಗ್ನಿಲ್ಲ ಕಣಕ್ಕ, ನಮ್ಮನೆಯೋರ್ ಬುದ್ಧಿ ನಿಂಗೆ ಗೊತ್ತದೆ. ನಾನವತ್ತು ನಿನ್ ಹಿಂದ್ಲು ಸಾಲಲ್ಲೇ ಕೂತಿದ್ದೆ. ಆ ಪದ ಇನ್ನೊಂದಪ ಆಕು" ಎಂದಳು. ಅಕ್ಕ ಮೆಷಿನ್ನಿನ ಮುಂದಿನ ಸ್ಟೂಲನ್ನು ಅವಳಿಗೆ ಕೊಟ್ಟು, ತಾನು ನಿಂತುಕೊಂಡೇ ಕೇಳಿದಳು.

ಹಾಡಿದವಳನ್ನು ಹುಡುಕಿಕೊಂಡು ಇಬ್ಬರೂ ಬ್ಲಫಿಗೂ ಹೋದೆವು. ಕರೆಂಟು ಸ್ಟೇಷನ್ನಿನವರ ಕ್ವಾರ್ಟರ್ಸಿನಲ್ಲಿ ಮನೆ ಮನೆಗೂ ಹಾಡು ಕೇಳಿಸಿದೆವು. ಹಳೆಯ ನೌಕರರೊಬ್ಬರು ಎರಡು ಸಲ ಹಾಕಿಸಿಕೊಂಡು, "ಇಂತ ಗಂಟ್ಲು ಇಲ್ಲಿದ್ದಿದ್ರೆ ನಾವು ಸುಮ್ಕೆ ಬುಡ್ತಿದ್ವಾ ತಾಯಿ? ಯಾರ್ ಮನೆಗೋ ಬಂದೋಳಿರ್ಬೇಕು" ಎಂದರು. ನಾಟಕಕ್ಕೆ ಪರದೆ ಬಾಡಿಗೆ ಕೊಡುವ ಮಳವಳ್ಳಿಯ ಸೀನರಿಯವರನ್ನು, ಮಂಡ್ಯದ ಮೇಷ್ಟ್ರುಗಳನ್ನು ವಿಚಾರಿಸಿದೆವು. ಅವತ್ತು ಬೆಳಿಗ್ಗೆ ಆಕೆಯನ್ನು ಕರೆಸಿದ ಏಜೆಂಟ್ ಫೋನ್ ನಂಬರ್ ಬದಲಾಯಿಸಿದ್ದ.

ಈ ಮಳೆಗಾಲದಲ್ಲಿ ಅಕ್ಕ ಹೋಗಿಬಿಟ್ಟಳು. ಕಿಡ್ನಿ ಕೈಕೊಟ್ಟಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಕೊನೆಯ ಸಲ ಮಾತಾಡಿಸಿದಾಗ ತನ್ನ ಕಾಯಿಲೆಯ ವಿಷಯವನ್ನೇ ಎತ್ತಲಿಲ್ಲ. "ಅವ್ಳು ಸಿಕ್ಕುದ್ಲಾ?" ಎಂದಳು. ಇಲ್ಲವೆಂದೆ. "ಉಡುಕವ್ವ. ನಾವು ಇಷ್ಟು ಜನ ಕೇಳಿವಿ, ಆಡ್ದೋಳೇ ಕೇಳಿಲ್ಲ. ಅದೇನ್ ನ್ಯಾಯ?"

ಅವಳ ತಿಥಿ ಮುಗಿಯುವ ಮೊದಲೇ ಗೊಬ್ಬರದಂಗಡಿಯವನು ಹೇಳಿಕಳಿಸಿದ. ಅಕ್ಕನೇ ಹೋದ ಮೇಲೆ ಆ ಹಾಡು ಯಾಕೆ, ಇನ್ನಾದರೂ ತೆಗೆದುಬಿಡು ಎಂದು. ಅವಳಿದ್ದಾಗಲೇ ತೆಗೆಯಲಿಲ್ಲ, ಈಗ ತೆಗೆಯುವ ಮಾತೇ ಇಲ್ಲ ಎಂದು ಹೇಳಿಕಳಿಸಿದೆ. ಹಾಡು ಅಲ್ಲೇ ಇದೆ. ಅವನ ಕೂಗೂ ಅದರಲ್ಲೇ ಇದೆ. ಅಕ್ಕನ ತಮ್ಮ, ಹೊಳಲು ಊರಿನವರು, ಅವಳ ಹಾರ್ಡ್ ಡಿಸ್ಕನ್ನು ನನ್ನ ಕೈಗೇ ಕೊಟ್ಟರು. ನಾನು ಅದರ ಇನ್ನೊಂದು ಪ್ರತಿ ಮಾಡಿ ಬೇರೆ ಮನೆಯಲ್ಲಿ ಇಟ್ಟಿದ್ದೇನೆ. ಈಗ ನಾಟಕಕ್ಕೆ ನಾನೊಬ್ಬಳೇ ಹೋಗುತ್ತೇನೆ, ಕಲಾವಿದೆಯರ ಹಾಡಿಗೆ ಎದ್ದು ನಿಂತೇ ಕೂಗುತ್ತೇನೆ. ನನಗೂ "ನಿಂಗೇನಾಗ್ಬೇಕು ಅವ್ಳು?" ಎಂದು ಕೇಳುತ್ತಾರೆ. ಕೇಳಲಿ.

ಹಾಡಿದಾಕೆಗೆ ಸುಮಾರು ಮೂವತ್ತೈದು ವರ್ಷ, ತೆಳ್ಳನೆಯ ಮೈಕಟ್ಟು, ಎಡಗೈ ಮೇಲೆ ಸುಟ್ಟ ಕಲೆ. ಬಾರದವಳ ಬದಲಿಗೆ ಬಂದು, ಹೋದ ವರ್ಷ ಮಂಡ್ಯದ ಹಗಲು ನಾಟಕದಲ್ಲಿ ರಾಣಿಯಾಗಿ ಹಾಡಿ, ಮಳವಳ್ಳಿ ಬಸ್ಸು ಹತ್ತಿದವಳು. ಆಕೆಯನ್ನು ಬಲ್ಲವರು, ಹೆಸರಷ್ಟೇ ಗೊತ್ತಿದ್ದರೂ, ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಆಕೆಯೇ ಇದನ್ನು ಓದುತ್ತಿದ್ದರೆ, ಎಲ್ಲಿದ್ದೀರೆಂದು ತಿಳಿಸಿ. ಯಾವ ಊರಾದರೂ ಸರಿ, ಫೋನ್ ಹಿಡಿದು ನಾನೇ ಬರುತ್ತೇನೆ. ನಿಮ್ಮ ಹಾಡು ಪೂರ್ತಿ ಇದೆ.